ಶುಶ್ರೂಷಾ ಪದವಿ: ಸಾಲದ ಕಂತು, ಸಂಬಳದ ಲೆಕ್ಕ

ಬಿ.ಎಸ್ಸಿ. ನರ್ಸಿಂಗ್ ಪದವಿಗಾಗಿ ಮಾಡಿದ ಸಾಲ ತೀರುತ್ತದೆಯೇ ಎಂದು ಕೇಳಿದಾಗ, ನರ್ಸುಗಳಿಗೆ ಕೆಲಸಕ್ಕೆ ಬರವಿಲ್ಲ ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಕೆಲಸ ಸಿಗುವುದು ಬೇರೆ, ಆ ಕೆಲಸದ ಸಂಬಳದಲ್ಲಿ ಬಾಡಿಗೆ, ಊಟ, ಮನೆಗೆ ಕಳುಹಿಸುವ ಹಣ ಇವುಗಳ ಜೊತೆಗೆ ಬ್ಯಾಂಕಿನ ಕಂತನ್ನೂ ತಿಂಗಳು ತಪ್ಪದೆ ಕಟ್ಟುವುದು ಬೇರೆ. ಬೆಂಗಳೂರು, ಮಂಗಳೂರುಗಳಂತಹ ನಗರಗಳ ನರ್ಸಿಂಗ್ ಕಾಲೇಜುಗಳಿಗೆ ಕರ್ನಾಟಕದ ಹಳ್ಳಿಗಳಿಂದಲೂ ಕೇರಳದಿಂದಲೂ ಬರುವ ಹೆಣ್ಣುಮಕ್ಕಳ ಪಾಲಿಗೆ ಈ ಎರಡನೆಯ ಲೆಕ್ಕವೇ ನಿರ್ಣಾಯಕವಾದರೂ, ಪ್ರವೇಶದ ದಿನ ಅದನ್ನು ಅವರ ಮುಂದೆ ಇಡುವವರು ವಿರಳ.

ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿರುವ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಮರುಪಾವತಿ ವಿರಾಮ ಎನ್ನುತ್ತಾರೆ. ಆದರೆ ವಿರಾಮ ಕಂತಿಗೆ ಮಾತ್ರ, ಬಡ್ಡಿಗಲ್ಲ. ನಾಲ್ಕು ವರ್ಷದ ಪದವಿಗೆ ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ ಸಾಲ ಬಿಡುಗಡೆಯಾಗಿ, ಬಡ್ಡಿ ದರ ಶೇ. 10 ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು ವರ್ಷದ ಸರಳ ಬಡ್ಡಿ ಸೇರಿ, ಮೊದಲ ಕಂತಿನ ದಿನಕ್ಕೆ ಬಾಕಿ 5,40,000 ರೂಪಾಯಿ ಆಗಿರುತ್ತದೆ. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಬೇಕು. ಹದಿನೈದು ವರ್ಷಕ್ಕೆ ಹಂಚಿದರೆ ಕಂತು 5,803ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಪಾವತಿ ಹತ್ತು ಲಕ್ಷವನ್ನು ಮೀರುತ್ತದೆ. ಮಂಜೂರಾತಿ ಪತ್ರದಲ್ಲಿ ಕಾಣುವ ನಾಲ್ಕು ಲಕ್ಷ ಮತ್ತು ಕೊನೆಗೆ ಕಟ್ಟುವ ಹತ್ತು ಲಕ್ಷ, ಇವೆರಡರ ನಡುವಿನ ಅಂತರವನ್ನು ಪೋಷಕರಿಗೆ ಅವರ ಭಾಷೆಯಲ್ಲಿ ವಿವರಿಸುವುದು ಬ್ಯಾಂಕಿನ ಮೊದಲ ಕರ್ತವ್ಯವಾಗಬೇಕು.

ಇನ್ನು ಸಂಬಳ. ಏಳನೆಯ ಕೇಂದ್ರ ವೇತನ ಆಯೋಗದ ಪ್ರಕಾರ ಕೇಂದ್ರ ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆಗೆ ಸೇರುವ ನರ್ಸಿನ ಆರಂಭಿಕ ಮೂಲವೇತನ 44,900 ರೂಪಾಯಿ. ಅಲ್ಲಿ ಹತ್ತು ವರ್ಷದ ಅವಧಿಯ ಕಂತು ಮೂಲವೇತನದ ಆರನೇ ಒಂದು ಭಾಗಕ್ಕೂ ಕಡಿಮೆ. ಅದೇ ಪದವಿ, ಅದೇ ಸಾಲ ಹೊತ್ತು ಖಾಸಗಿ ನರ್ಸಿಂಗ್ ಹೋಮ್ ಸೇರಿದವಳ ಸ್ಥಿತಿ ಬೇರೆಯೇ. ಖಾಸಗಿ ಆಸ್ಪತ್ರೆಗಳ ನರ್ಸುಗಳ ದುಡಿಮೆಯ ಸ್ಥಿತಿಗತಿಯ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಕೂಡದೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯಿರುವಲ್ಲಿ ರಾಜ್ಯ ಸರ್ಕಾರಿ ನರ್ಸುಗಳಿಗೆ ಸಮನಾದ ವೇತನ ಇರಬೇಕೆಂದೂ ಶಿಫಾರಸು ಮಾಡಿತು. ಈ 20,000 ರೂಪಾಯಿ ಕೈಗೆ ಬಂದರೂ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಶಿಫಾರಸು ಕಾನೂನಲ್ಲ, ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿಯನ್ನು ಕನಿಷ್ಠ ಮೂಲವೇತನವಾಗಿ ಅಧಿಸೂಚಿಸಿತು.

ಆದ್ದರಿಂದ ಪದವೀಧರೆಯರ ಸರಾಸರಿ ಗಳಿಕೆಯನ್ನು ಮುಂದಿಟ್ಟು ಸಾಲವನ್ನು ತೂಗುವ ಪದ್ಧತಿ ದಾರಿ ತಪ್ಪಿಸುವಂಥದು. ಸರಾಸರಿಯೊಳಗೆ ಸರ್ಕಾರಿ ನೌಕರಿಯೂ ಕೊಲ್ಲಿ ರಾಷ್ಟ್ರದ ನೌಕರಿಯೂ ತಾಲ್ಲೂಕಿನ ಸಣ್ಣ ಆಸ್ಪತ್ರೆಯ ನೌಕರಿಯೂ ಒಂದಾಗಿ ಬೆರೆತುಹೋಗುತ್ತವೆ. ಕಂತು ಶುರುವಾಗುವುದಾದರೋ ವೃತ್ತಿಯ ಮೊದಲ ವರ್ಷಗಳಲ್ಲಿ, ಅಂದರೆ ಸಂಬಳ ಅತಿ ಕಡಿಮೆ ಇರುವ ಕಾಲದಲ್ಲಿ. ತೂಗಬೇಕಾದದ್ದು ಆ ಮೊದಲ ವರ್ಷಗಳ ಕೈಗೆ ಬರುವ ಸಂಬಳವನ್ನು.

ಸರ್ಕಾರದ ನೆರವು ಇಲ್ಲವೆಂದಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ ವಿರಾಮದ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಸಹಾಯಧನ ಯೋಜನೆ 2009ರಿಂದ ಇದೆ. ಮೇಲಿನ ಲೆಕ್ಕದಲ್ಲಿ ಈ ನೆರವು ಪೂರ್ತಿಯಾಗಿ ಸಿಕ್ಕರೆ ಬಾಕಿ ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ, ಹತ್ತು ವರ್ಷದ ಕಂತು 5,286 ರೂಪಾಯಿಗೆ ಇಳಿಯುತ್ತದೆ, ಒಟ್ಟಾರೆ ಎರಡು ಲಕ್ಷಕ್ಕೂ ಮೀರಿದ ಉಳಿತಾಯವಾಗುತ್ತದೆ. ಆದರೆ ಇದು ಮಾದರಿ ಯೋಜನೆಯಡಿ ಪಡೆದ ಬ್ಯಾಂಕ್ ಸಾಲಕ್ಕೆ ಮಾತ್ರ. ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗಿ, ಬ್ಯಾಂಕಿನ ಕಡತ ಮುಂದೆ ಸಾಗದೆ, ತಾಯಿಯ ಒಡವೆಯನ್ನು ಅಡವಿಟ್ಟು ಅಥವಾ ಕೈಸಾಲ ಮಾಡಿ ಹಣ ಹೊಂದಿಸಿದ ಕುಟುಂಬಕ್ಕೆ ಒಂದು ರೂಪಾಯಿಯೂ ದೊರೆಯುವುದಿಲ್ಲ. ನೆರವು ತೀರಾ ಬೇಕಾದವರೇ ಹೀಗೆ ಹೊರಗುಳಿಯುವುದು ದೊಡ್ಡ ಅನ್ಯಾಯ. ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಡಿ ಶಿಕ್ಷಣ ಸಾಲದ ಬಡ್ಡಿಗೆ ಸಿಗುತ್ತಿದ್ದ ವಿನಾಯಿತಿಯೂ ಅಷ್ಟೆ: ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದವಳಿಗೆ ಅದರಿಂದ ಪ್ರಯೋಜನವಿರಲಿಲ್ಲ.

ವಿದೇಶದ ನೌಕರಿ ಸಾಲವನ್ನು ಬೇಗ ತೀರಿಸುತ್ತದೆಂಬುದು ನಿಜ. ಆದರೆ ಅದಕ್ಕೂ ಮುಂಚೆ ಆಸ್ಪತ್ರೆಯಲ್ಲಿ ದುಡಿದ ಅನುಭವ ಬೇಕು, ಅಮೆರಿಕಕ್ಕೆ ಎನ್‌ಕ್ಲೆಕ್ಸ್‌ನಂತಹ ಪರವಾನಗಿ ಪರೀಕ್ಷೆ, ಬ್ರಿಟನ್ನಿಗೆ ಇಂಗ್ಲಿಷ್ ಭಾಷಾ ಪರೀಕ್ಷೆ, ಜರ್ಮನಿಗೆ ಜರ್ಮನ್ ಕಲಿಕೆ ಬೇಕು. ಇವೆಲ್ಲಕ್ಕೂ ಹಣ ಬೇಕು. ಏಜೆಂಟರು ಲಕ್ಷಗಟ್ಟಲೆ ಸುಲಿಯುತ್ತಿದ್ದ ಹಿನ್ನೆಲೆಯಲ್ಲಿ, ವಲಸೆ ಅನುಮತಿ ಕಡ್ಡಾಯವಾಗಿರುವ ದೇಶಗಳಿಗೆ ನರ್ಸುಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದು ಕೇಂದ್ರವು 2015ರಲ್ಲಿ ಆದೇಶಿಸಿತು. ಅನುಭವಕ್ಕಾಗಿ ಕಡಿಮೆ ಸಂಬಳಕ್ಕೆ ದುಡಿಯುವ ವರ್ಷಗಳಲ್ಲಿಯೇ ಬ್ಯಾಂಕಿನ ಕಂತು ಆರಂಭವಾಗುವುದರಿಂದ, ವಿದೇಶದ ಆಸೆ ಇರುವವಳಿಗೂ ಮೊದಲ ಸಂಬಳದ ಪ್ರಶ್ನೆ ತಪ್ಪಿದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಪದವಿ ಬೇಡವೆಂಬುದು ಇಲ್ಲಿಯ ವಾದವಲ್ಲ. ರಾತ್ರಿ ಪಾಳಿಯಲ್ಲಿ ವಾರ್ಡಿನ ತುಂಬ ರೋಗಿಗಳ ಡ್ರಿಪ್, ಔಷಧ, ನಾಡಿಬಡಿತಗಳ ದಾಖಲೆಯನ್ನು ಒಬ್ಬಳೇ ನೋಡಿಕೊಳ್ಳುವವಳ ಕೌಶಲಕ್ಕೆ ನಾಲ್ಕು ವರ್ಷದ ಓದು ಹೆಚ್ಚಲ್ಲ, ಅದಕ್ಕೆ ಸಲ್ಲುವ ಬೆಲೆ ಕಡಿಮೆ. ಸಮಿತಿಯ ಶಿಫಾರಸನ್ನು ಕರ್ನಾಟಕವು ಕಾನೂನಿನ ಬಲದಿಂದ ಜಾರಿಗೊಳಿಸಬೇಕು. ಪ್ರತಿ ಕಾಲೇಜೂ ಹಿಂದಿನ ತಂಡದ ವಿದ್ಯಾರ್ಥಿನಿಯರು ಯಾವ ಬಗೆಯ ಆಸ್ಪತ್ರೆ ಸೇರಿದರು, ಮೊದಲ ತಿಂಗಳು ಅವರ ಕೈಗೆ ಎಷ್ಟು ಬಂದಿತು ಎಂಬುದನ್ನು ಶುಲ್ಕದ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಬೇಕು. ಸಾಲ ಮಂಜೂರು ಮಾಡುವ ಬ್ಯಾಂಕು ಆ ಪಟ್ಟಿಯನ್ನು ಕೇಳಿ ಪಡೆದು, ಕಂತಿನ ಮೊತ್ತವನ್ನು ಅದರೊಂದಿಗೆ ಹೋಲಿಸಿ ತೋರಿಸಿದ ಮೇಲಷ್ಟೇ ಸಹಿ ಹಾಕಿಸಿಕೊಳ್ಳಬೇಕು.