ಬೆಟ್ಟ ದೊಡ್ಡದಾಗಿರಲಿ, ಪ್ರಾಣಿ ಚಿಕ್ಕದಾಗಿರಲಿ

ಇವತ್ತು ಮಾತಾಡೋ ವಿಷಯ ನಿಮ್ಮ ಫೋನ್‌ನ ಗ್ಯಾಲರಿಯಲ್ಲೇ ಇದೆ. ಒಮ್ಮೆ ಅದನ್ನ ತೆಗೆದು, ಕೊನೇ ಸಲ ಚಿಕ್ಕಮಗಳೂರಿಗೋ ಕೊಡಗಿಗೋ ಹೋದಾಗ ತೆಗೆದ ಫೋಟೋಗಳನ್ನ ನೋಡಿ. ಗಾಡಿ ಓಡಿಸ್ತಾ ಕೇಳ್ತಿರೋರು ಬೇಡ, ಮನೆ ತಲುಪಿದ ಮೇಲೆ ನೋಡಿ. ಮುಳ್ಳಯ್ಯನಗಿರಿ ಮೇಲೆ ನಿಂತಾಗ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಸಾಲು ಫೋಟೋದಲ್ಲಿ ಯಾಕೋ ಕುಗ್ಗಿ ಹೋಗಿರುತ್ತೆ. ಇನ್ನೊಂದು ಫೋಟೋದಲ್ಲಿ ಹುಲ್ಲಿನ ನಡುವೆ ಒಂದು ಕಂದು ಚುಕ್ಕಿ ಇರುತ್ತೆ. ಅದು ಕಡವೆ ಅಂತ ನೀವು ಹೇಳಿದ್ರೆ ಮಾತ್ರ ಬೇರೆಯವರಿಗೆ ಗೊತ್ತಾಗೋದು.

ಇದು ನಿಮ್ಮ ಕೈಯ ತಪ್ಪಲ್ಲ. ಫೋನ್‌ನ ಮುಖ್ಯ ಕ್ಯಾಮೆರಾದ ಲೆನ್ಸ್ ಇರೋದೇ ಹಾಗೆ. ಮನೆಯೊಳಗೆ ನಾಲ್ಕು ಜನ ನಿಂತ್ರೆ ನಾಲ್ಕೂ ಜನ ಫ್ರೇಮ್‌ನಲ್ಲಿ ಹಿಡಿಸಬೇಕು ಅಂತ ಅದನ್ನ ಅಗಲವಾಗಿ ಮಾಡಿರ್ತಾರೆ. ಹಳೇ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 24ರಿಂದ 26 ಮಿಲಿಮೀಟರ್ ಲೆನ್ಸ್. ಇದರ ಅರ್ಥ ಏನು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. 50 ಮೀಟರ್ ದೂರದಲ್ಲಿ ಒಂದು ಕಡವೆ ಅಡ್ಡಕ್ಕೆ ನಿಂತಿದೆ ಅಂದ್ಕೊಳ್ಳಿ. ಆ ದೂರದಲ್ಲಿ ನಿಮ್ಮ ಫ್ರೇಮ್ ಸುಮಾರು 75 ಮೀಟರ್ ಅಗಲವನ್ನ ನೋಡ್ತಿರುತ್ತೆ. ಕಡವೆಯ ಉದ್ದ ಎರಡು ಮೀಟರ್. ಅಂದ್ರೆ ಫೋಟೋದ ಅಗಲದಲ್ಲಿ ಅದಕ್ಕೆ ಸಿಗೋದು ಹೆಚ್ಚುಕಡಿಮೆ ನಲವತ್ತರಲ್ಲಿ ಒಂದು ಪಾಲು ಅಷ್ಟೆ. 4,000 ಪಿಕ್ಸೆಲ್ ಅಗಲದ ಫೋಟೋ ಆದ್ರೆ ಕಡವೆಗೆ ನೂರು ಪಿಕ್ಸೆಲ್ ಚಿಲ್ಲರೆ. ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಿದ್ರೆ, ಫೋನ್‌ನಲ್ಲಿ ಬೇರೆ ಜೂಮ್ ಲೆನ್ಸ್ ಇಲ್ಲದಿದ್ರೆ, ಅದೇ ನೂರು ಪಿಕ್ಸೆಲ್ ಹಿಂಜಿ ದೊಡ್ಡದಾಗುತ್ತೆ ಅಷ್ಟೆ. ಹೊಸ ವಿವರ ಎಲ್ಲಿಂದಲೂ ಬರಲ್ಲ.

ಈಗ ಲೆಕ್ಕವನ್ನ ತಿರುಗಿಸಿ. ಅದೇ ಲೆನ್ಸ್‌ನಲ್ಲಿ ಕಡವೆ ಅರ್ಧ ಫ್ರೇಮ್ ತುಂಬಬೇಕು ಅಂದ್ರೆ ನೀವು ಎಲ್ಲಿ ನಿಲ್ಲಬೇಕು? ಅದರಿಂದ ಮೂರು ಮೀಟರ್‌ಗಿಂತ ಹತ್ತಿರ. ಕಡವೆ ಬದಲು ಕಾಡಾನೆ ಆದ್ರೆ ಸ್ವಲ್ಪ ಹಿಂದೆ ನಿಂತ್ರೂ ನಡೆಯುತ್ತೆ, ಆದ್ರೆ ಅದೂ ಆನೆಯ ಸೊಂಡಿಲಿಂದ ಕೆಲವೇ ಹೆಜ್ಜೆ ದೂರ.

ಟಿವಿಯಲ್ಲಿ, ರೀಲ್ಸ್‌ನಲ್ಲಿ ನಾವು ದಿನಾ ನೋಡೋ ಹುಲಿ, ಚಿರತೆ, ಆನೆ ಎಲ್ಲ ಮುಖ ತುಂಬಿದ ಫ್ರೇಮ್‌ಗಳು. ಅವನ್ನ ತೆಗೆಯೋದು ಮೊಳಕೈ ಉದ್ದದ ಲೆನ್ಸ್‌ಗಳಲ್ಲಿ, ಬಹಳ ದೂರದಿಂದ. ಆದ್ರೆ ನಮ್ಮ ಕಣ್ಣಿಗೆ ವನ್ಯಜೀವಿ ಫೋಟೋ ಅಂದ್ರೆ ಹಾಗೇ ಇರಬೇಕು ಅನ್ನೋದು ಅಭ್ಯಾಸ ಆಗಿಬಿಟ್ಟಿದೆ. ಕೈಯಲ್ಲಿರೋ ಲೆನ್ಸ್ ಬೇರೆ, ತಲೆಯಲ್ಲಿರೋ ಫೋಟೋ ಬೇರೆ. ಈ ಎರಡರ ನಡುವಿನ ಅಂತರವನ್ನ ಜನ ಕಾಲಲ್ಲಿ ನಡೆದು ತುಂಬೋಕೆ ಹೋಗ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಊಟಿ ರಸ್ತೆಯಲ್ಲಿ ಆದದ್ದು ಅದೇ. ಸೆಲ್ಫಿಗೆ ಅಂತ ಗಾಡಿ ಇಳಿದು ಹೋದವರನ್ನ ಕಾಡಾನೆ ಅಟ್ಟಿಸಿಕೊಂಡು ಬಂದು ಬೀಳಿಸಿ ತುಳಿಯಿತು. ಪ್ರಾಣ ಉಳಿದದ್ದೇ ದೊಡ್ಡದು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕ್ತು. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ.

ನಾವು ಸಾಮಾನ್ಯವಾಗಿ ಇಂಥ ಸುದ್ದಿಯನ್ನ ಮನುಷ್ಯನ ಕಡೆಯಿಂದಲೇ ಹೇಳ್ತೀವಿ: ಬದುಕಿದ್ರಾ, ದಂಡ ಎಷ್ಟು ಬಿತ್ತು. ಆನೆಯ ಕಡೆಯಿಂದ ನೋಡಿದ್ರೆ, ಅದು ಮೇಯ್ತಾ ನಿಂತಿತ್ತು. ಯಾರೋ ಬಂದ್ರು, ಮೇಯೋದು ನಿಂತಿತು. ಕಿವಿ ಅಗಲಿಸಿ ಎಚ್ಚರಿಕೆ ಕೊಡೋದು, ತಲೆ ಆಡಿಸೋದು, ನಾಲ್ಕು ಹೆಜ್ಜೆ ನುಗ್ಗಿ ಬಂದು ನಿಲ್ಲೋದು, ಇವೆಲ್ಲ ಸಾಮಾನ್ಯವಾಗಿ ದಾಳಿಗಿಂತ ಮೊದಲಿನ ಮಾತುಗಳು. ಕಡವೆ ಆದ್ರೆ ಮುಂಗಾಲಲ್ಲಿ ನೆಲ ಕುಟ್ಟುತ್ತೆ, ಬಾಲ ನೆಟ್ಟಗೆ ಮಾಡುತ್ತೆ, ಆಮೇಲೆ ಕಾಡೆಲ್ಲ ಕೇಳೋ ಹಾಗೆ ಕೂಗುತ್ತೆ. ಕಾಟಿ ಮೂತಿ ಎತ್ತಿ ನಿಮ್ಮನ್ನೇ ದಿಟ್ಟಿಸುತ್ತೆ. ತಲೆ ಎತ್ತಿ ಕ್ಯಾಮೆರಾ ನೋಡೋ ಪ್ರಾಣಿಯ ಫೋಟೋವನ್ನ ನಾವು 'ಏನು ಲುಕ್ ಕೊಟ್ಟಿದೆ ನೋಡು' ಅಂತ ಹಂಚ್ಕೊಳ್ತೀವಿ. ನನಗೆ ಆ ಫೋಟೋ ನೋಡಿದಾಗ ಬೇರೆ ಏನೋ ಕಾಣಿಸುತ್ತೆ: ಅದರ ಬಾಯಲ್ಲಿ ಅಗಿಯದೇ ಉಳಿದ ಹುಲ್ಲು. ಪ್ರಾಣಿಗಳನ್ನ ತೀರಾ ಹತ್ತಿರದಿಂದ ತೆಗೆದ ಎಷ್ಟೋ ಫೋಟೋಗಳಲ್ಲಿ ಈ ಅರ್ಧ ನಿಂತ ಊಟ ಇದೆ, ಒಮ್ಮೆ ಗಮನಿಸಿ.

ಕೆಲವು ಕಡೆ ಪ್ರಾಣಿಗಳೇ ಹತ್ತಿರ ಬರ್ತವಲ್ಲಾ ಅಂತ ನೀವು ಕೇಳಬಹುದು. ಹೌದು, ಬರ್ತವೆ. ಕೇರಳದ ಮುನ್ನಾರ್ ಹತ್ತಿರ ಇರವಿಕುಲಂ ರಾಷ್ಟ್ರೀಯ ಉದ್ಯಾನದ ರಾಜಮಲೆಗೆ ಹೋದ್ರೆ ನೀಲಗಿರಿ ತಾಹರ್, ಅಂದ್ರೆ ಅಲ್ಲಿನ ಬೆಟ್ಟದ ಕಾಡು ಮೇಕೆ, ರಸ್ತೆ ಪಕ್ಕದಲ್ಲೇ ಮೇಯ್ತಿರುತ್ತೆ. ಬಹಳ ವರ್ಷದಿಂದ ಅಲ್ಲಿ ಬೇಟೆ ಇಲ್ಲ, ಹಾಗಾಗಿ ಅವಕ್ಕೆ ಜನರ ಭಯ ಕಡಿಮೆ. ಆದ್ರೆ ಅಲ್ಲೂ ಮರಿ ಹಾಕೋ ಕಾಲ ಅಂತ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಪ್ರವಾಸಿಗರಿಗೆ ಗೇಟು ಮುಚ್ತಾರೆ. ನಮ್ಮಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಸ್ಥಾನದ ಹತ್ತಿರವೂ ಆನೆ ಬಂದು ಹೋಗುತ್ತೆ. ಅಲ್ಲಿಗೆ ಸ್ವಂತ ಗಾಡಿ ಬಿಡಲ್ಲ, ಕೆಳಗಿಂದ ಸರ್ಕಾರಿ ಬಸ್ಸಲ್ಲೇ ಹೋಗಬೇಕು. ಕೆಲವರಿಗೆ ಇದು ಕಿರಿಕಿರಿ. ನನ್ನ ಪ್ರಕಾರ ಅಲ್ಲಿ ಇವತ್ತಿಗೂ ಒಳ್ಳೇ ಫೋಟೋ ಸಿಗೋದಕ್ಕೆ ಆ ಬಸ್ಸೇ ಕಾರಣ.

ಭಯ ಕಡಿಮೆಯಾಗೋದು ಎಲ್ಲ ಕಡೆ ಒಳ್ಳೇದಕ್ಕೇ ಆಗಲ್ಲ. ಸಿಂಗಳೀಕ ಗೊತ್ತಲ್ಲ, ಮುಖದ ಸುತ್ತ ಬಿಳಿ ಕೇಸರ ಇರೋ ಕಪ್ಪು ಕೋತಿ. ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರೋದು, ನಮ್ಮ ಶರಾವತಿ ಕಣಿವೆಯ ಕಾಡಲ್ಲೂ ಇದೆ. ಮರದ ಮೇಲೇ ಬದುಕೋ ಪ್ರಾಣಿ. ತಮಿಳುನಾಡಿನ ವಾಲ್ಪಾರೈನಲ್ಲಿ ಕಾಡು ತುಂಡಾಗಿ ತೋಟದ ನಡುವೆ ಉಳಿದ ಗುಂಪು ನೆಲಕ್ಕೆ ಇಳಿದು ರಸ್ತೆ ದಾಟೋದು ಕಲಿತು, ವಾಹನಕ್ಕೆ ಸಿಕ್ಕಿ ಸತ್ತವು. ಆಮೇಲೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಬೇಕಾಯ್ತು. ಇಂಥ ಜಾಗದಲ್ಲಿ ಕಾರು ನಿಲ್ಲಿಸಿ, ಬಿಸ್ಕತ್ತು ತೋರಿಸಿ, ಹತ್ತಿರ ಕರೆದು ಫೋಟೋ ತೆಗೆಯೋರು ಕೊಡ್ತಿರೋದು ಬಿಸ್ಕತ್ತಲ್ಲ, ರಸ್ತೆಗೆ ಇಳಿಯೋ ಅಭ್ಯಾಸ.

ಹಾಗಾದ್ರೆ ಫೋನ್ ಇಟ್ಕೊಂಡು ಏನು ಮಾಡೋದು? ನಾನು ಹೇಳೋದು ಇಷ್ಟೆ: ಆ ಅಗಲವಾದ ಲೆನ್ಸ್ ಜೊತೆ ಜಗಳ ಆಡಬೇಡಿ. ಅದಕ್ಕೆ ಬರೋ ಕೆಲಸ ಕೊಡಿ. ಹತ್ತಿರ ಹೋಗೋ ಬದಲು ಹಿಂದೆ ಸರಿಯಿರಿ. ಪ್ರಾಣಿ ಚಿಕ್ಕದಾಗೇ ಇರಲಿ, ಆದ್ರೆ ಎದ್ದು ಕಾಣೋ ಜಾಗದಲ್ಲಿರಲಿ. ಹುಲ್ಲಿನ ಬಣ್ಣದಲ್ಲೇ ಕರಗಿ ಹೋದ ಕಡವೆ ಚುಕ್ಕಿ. ಅದೇ ಕಡವೆ ಗುಡ್ಡದ ಅಂಚಿಗೆ ಹತ್ತಿ ಆಕಾಶ ಹಿಂದೆ ಬಂದ ಕ್ಷಣದಲ್ಲಿ ನೂರು ಪಿಕ್ಸೆಲ್‌ನಲ್ಲೂ ಕೊಂಬು, ಕಿವಿ ಎಲ್ಲ ಕಾಣೋ ಕಪ್ಪು ಚಿತ್ರ. ಅದು ಅಂಚಿಗೆ ಹೋಗೋ ತನಕ ಕೂತು ಕಾಯಬೇಕು, ಅಟ್ಟಬಾರದು. ಕಾಟಿಗಳು ಮಂಜಿನಲ್ಲಿದ್ರೆ ಫೋನ್ ತಾನೇ ಜಾಣತನ ತೋರಿಸಿ ಫೋಟೋವನ್ನ ಬೂದು ಮಾಡಿಬಿಡುತ್ತೆ. ಪರದೆ ಮೇಲೆ ಒಮ್ಮೆ ಒತ್ತಿ, ಬರೋ ಸೂರ್ಯನ ಗುರುತನ್ನ ಮೇಲೆ ಕೆಳಗೆ ಸರಿಸಿ ಬೆಳಕನ್ನ ನೀವೇ ಹೊಂದಿಸಿ. ಇನ್ನೊಂದು ತೀರಾ ಸಣ್ಣ ಮಾತು: ಲೆನ್ಸ್ ಒರೆಸಿ. ಮಲೆನಾಡಿನಲ್ಲಿ ಹಾಳಾಗೋ ಎಷ್ಟೋ ಫೋಟೋಗಳಿಗೆ ಕಾರಣ ಮಂಜಿನ ಹನಿ ಮತ್ತು ಜೇಬಿನ ಜಿಡ್ಡು.

ಹೊತ್ತೂ ಮುಖ್ಯ. ಮಧ್ಯಾಹ್ನದ ಬಿಸಿಲಲ್ಲಿ ಬೆಟ್ಟ ಚಪ್ಪಟೆ. ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ಒಂದೊಂದು ಮಡಿಕೆಗೂ ನೆರಳು ಬರುತ್ತೆ, ಬೆಟ್ಟಕ್ಕೆ ಮೈ ಬರುತ್ತೆ. ದೂರದ ಸಾಲುಗಳು ಬೇಕು ಅಂದ್ರೆ ಮಳೆ ಸುರಿದು ನಿಂತ ಮಾರನೇ ಬೆಳಗ್ಗೆ ಹೋಗಿ, ಗಾಳಿಯ ಧೂಳೆಲ್ಲ ತೊಳೆದಿರುತ್ತೆ. ಬೆಟ್ಟ ಕುಗ್ಗಿ ಕಾಣಬಾರದು ಅಂದ್ರೆ ಫ್ರೇಮ್‌ನಲ್ಲಿ ಅಳತೆಗೆ ಏನಾದ್ರೂ ಬೇಕು: ಒಂದು ಮರ, ಒಬ್ಬ ನಡೆಯೋ ಮನುಷ್ಯ, ಇಲ್ಲಾ ಆ ಚಿಕ್ಕ ಕಡವೆ. ಈಗ ನೋಡಿ, ನಾವು ಮೊದಲು ಹೇಳಿದ ಎರಡೂ ದೂರಿಗೆ ಒಂದೇ ಫೋಟೋ ಉತ್ತರ ಕೊಡ್ತು.

ನಮ್ಮ ನಾಡಿನಲ್ಲಿ ಇದಕ್ಕೆ ದೊಡ್ಡ ಹಿನ್ನೆಲೆ ಇದೆ. ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಒಂದು ರೋಲ್‌ಗೆ 36 ಫೋಟೋ ಅನ್ನೋ ಕಾಲದಲ್ಲಿ ಕೆಲಸ ಮಾಡಿದವರು. ಕೃಪಾಕರ–ಸೇನಾನಿ ಕೆನ್ನಾಯಿಗಳ ಜೊತೆ ವರ್ಷಗಟ್ಟಲೆ ಕಳೆದವರು. ಹಳೇ ಕಾಲದಲ್ಲಿ ಎಲ್ಲವೂ ಸರಿ ಇತ್ತು ಅಂತಲ್ಲ. ಹಕ್ಕಿ ಗೂಡಿನ ಫೋಟೋ ಆಗ ಮಾಮೂಲು, ಇವತ್ತು ಎಷ್ಟೋ ಸ್ಪರ್ಧೆಗಳು ಅದನ್ನ ತಗೊಳ್ಳೋದೇ ಇಲ್ಲ. ಯಾವ ಫೋಟೋ ಒಳ್ಳೇದು ಅನ್ನೋದು ಬದಲಾಗ್ತಾ ಬಂದಿದೆ, ಇನ್ನೂ ಬದಲಾಗಬಹುದು.

ಚಿಕ್ಕ ಪ್ರಾಣಿ, ದೊಡ್ಡ ಬೆಟ್ಟದ ಫೋಟೋಗೆ ಇನ್ನೊಂದು ಉಪಯೋಗ ಇದೆ. ಮುಖ ತುಂಬಿದ ಆನೆಯ ಫೋಟೋ ಎಲ್ಲಿ ತೆಗೆದ್ರೂ ಒಂದೇ. ಹಿಂದೆ ಬೆಟ್ಟ ಇದ್ರೆ ಅದು ದಾಖಲೆ. 1921ರಲ್ಲಿ ಎವರೆಸ್ಟ್ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡ ರೋಂಗ್‌ಬುಕ್ ಹಿಮನದಿಯ ಫೋಟೋ ತೆಗೆದಿತ್ತು. ಡೇವಿಡ್ ಬ್ರೀಶಿಯರ್ಸ್ ಅನ್ನೋ ಪರ್ವತಾರೋಹಿ ಎಂಬತ್ತಕ್ಕೂ ಹೆಚ್ಚು ವರ್ಷದ ಮೇಲೆ ಅದೇ ಜಾಗ ಹುಡುಕಿ ಅಲ್ಲೇ ನಿಂತು ಮತ್ತೆ ತೆಗೆದ್ರು. ಎರಡನ್ನೂ ಪಕ್ಕದಲ್ಲಿಟ್ರೆ ಹಿಮ ಎಷ್ಟು ಇಳಿದಿದೆ ಅಂತ ಮಗುವಿಗೂ ಗೊತ್ತಾಗುತ್ತೆ. ನಮ್ಮಲ್ಲಿ ಹಿಮ ಇಲ್ಲ, ಆದ್ರೆ ಬದಲಾಗೋ ಬೆಟ್ಟ ಇದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತಿದ್ದು 2005ರ ಕೊನೆಗೆ. ಅಗೆದ ಇಳಿಜಾರಿನಲ್ಲಿ ಆಮೇಲೆ ಏನು ಬೆಳೀತು? ಹುಲ್ಲುಗಾವಲಿನ ಯಾವ ಅಂಚಲ್ಲಿ ಅಕೇಶಿಯಾ ನುಗ್ಗಿದೆ? 2019ರ ಆಗಸ್ಟ್‌ನಲ್ಲಿ ಕುಸಿದ ಚಾರ್ಮಾಡಿ ಘಾಟಿಯ ಗುಡ್ಡ ಅದಕ್ಕೂ ಮೊದಲು ಹೇಗಿತ್ತು? ಇದಕ್ಕೆಲ್ಲ ಉತ್ತರ ಯಾರದೋ ಹಳೇ ಫೋನ್‌ನಲ್ಲಿ, ಸೆಲ್ಫಿಯ ಹಿಂದೆ ಇರಬಹುದು.

ಫೋಟೋ ಬಲ ಎಷ್ಟು ಅಂತ ನೋಡೋಕೆ ದೂರ ಹೋಗೋದು ಬೇಡ. 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಕುಮಾರ ಪರ್ವತದ ದಾರಿಯಲ್ಲಿ ಸಂತೆಯ ಹಾಗೆ ಸಾಲುಗಟ್ಟಿ ನಿಂತ ಚಾರಣಿಗರ ಫೋಟೋ ಎಲ್ಲ ಕಡೆ ಹರಿದಾಡಿತು. ಅದರಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನೋ ನಿಯಮ ತಂತು.

ಇನ್ನು ಹಂಚಿಕೊಳ್ಳೋ ವಿಷಯ. ಲೊಕೇಶನ್ ಆನ್ ಇದ್ರೆ ತೆಗೆದ ಜಾಗವನ್ನ ಫೋನ್ ಫೋಟೋ ಫೈಲ್‌ನೊಳಗೇ ಬರೆದಿಡುತ್ತೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ್ರೆ ಅದು ಅಳಿಸಿ ಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಉಳಿಯುತ್ತೆ. ಇನ್‌ಸ್ಟಾಗ್ರಾಂನಲ್ಲಿ ಜಾಗದ ಹೆಸರು ಹಾಕೋದು ನೀವೇ. ಬೆಟ್ಟದ ಹೆಸರು ಹಾಕಿ, ತೊಂದರೆ ಇಲ್ಲ. ಅಪರೂಪದ ಕಪ್ಪೆ, ಹಾವು, ಆರ್ಕಿಡ್, ಹಕ್ಕಿಗೂಡು ಆದ್ರೆ ಜಿಲ್ಲೆಯ ಹೆಸರು ಸಾಕು. ಹುಲಿಯನ್ನ ಯಾರೂ ಚೀಲದಲ್ಲಿ ಹಾಕ್ಕೊಂಡು ಹೋಗಲ್ಲ, ಆರ್ಕಿಡ್ ಗಿಡವನ್ನ ಹಾಕ್ಕೊಂಡು ಹೋಗ್ತಾರೆ. ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್ ಅಳಿವಿನಂಚಿನ ಜೀವಿಗಳ ಜಾಗವನ್ನ ತಾನಾಗೇ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಚೌಕದೊಳಗೆ ಮಸುಕು ಮಾಡಿ ತೋರಿಸುತ್ತೆ. ನಿಮ್ಮ ಫೋಟೋ ಯಾವ ಜೀವಿಯದು ಅಂತ ಗೊತ್ತಿಲ್ಲದಿದ್ರೂ ಅಲ್ಲಿ ಹಾಕಿ, ಗೊತ್ತಿರೋರು ಹೇಳ್ತಾರೆ. ಅಗಲವಾದ ಫೋಟೋ ಆದ್ರೆ ಅದು ಹುಲ್ಲಲ್ಲಿತ್ತಾ, ಶೋಲಾ ಕಾಡಿನ ಅಂಚಲ್ಲಿತ್ತಾ ಅನ್ನೋದೂ ದಾಖಲಾಗುತ್ತೆ.

ನೀಲಕುರಿಂಜಿ ಬಗ್ಗೆ ಒಂದು ಮಾತು ಹೇಳಲೇಬೇಕು. 2022ರಲ್ಲಿ ಚಂದ್ರದ್ರೋಣ ಸಾಲು ನೀಲಿಯಾಗಿದ್ದು ನೆನಪಿರಬಹುದು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡೋ ಕುರಿಂಜಿ, ಹೂವಾಗಿ ಬೀಜವಾದ ಮೇಲೆ ಸತ್ತು ಹೋಗುತ್ತೆ. ಮುಂದಿನ ಸಲ ಅರಳೋದು ಆ ಬೀಜದಿಂದ ಹುಟ್ಟಿದ ಗಿಡ. ಹೂ ಕಿತ್ತು ಕೈಯಲ್ಲಿ ಹಿಡಿದು ತೆಗೆದ ಫೋಟೋ, ಗಿಡಗಳ ನಡುವೆ ಕೂತು ತೆಗೆದ ರೀಲ್, ಇವು 2034ರ ಬೆಟ್ಟದಿಂದ ಒಂದೊಂದು ಹಿಡಿ ನೀಲಿ ತೆಗೆದ ಹಾಗೆ. ಅದೂ ದೂರದಿಂದ, ಇಡೀ ಗುಡ್ಡ ಹಿಡಿದಾಗಲೇ ಚೆಂದ ಕಾಣೋದು.

ಈ ವಾರ ಒಂದು ಕೆಲಸ ಮಾಡಿ. ಗ್ಯಾಲರಿಯಲ್ಲಿ ಐದು ವರ್ಷಕ್ಕಿಂತ ಹಳೇ ಬೆಟ್ಟದ ಫೋಟೋ ಒಂದನ್ನ ಹುಡುಕಿ. 'ಇದರಲ್ಲಿ ಏನೂ ಇಲ್ಲ' ಅಂತ ಡಿಲೀಟ್ ಮಾಡೋಕೆ ಹೊರಟಿದ್ದ ಫೋಟೋನೇ ಆಗಲಿ. ಮುಂದಿನ ಸಲ ಆ ಕಡೆ ಹೋದಾಗ ಅದೇ ಜಾಗದಲ್ಲಿ ನಿಂತು, ಅದೇ ಲೆನ್ಸ್‌ನಲ್ಲಿ, ಸಾಧ್ಯವಾದ್ರೆ ಅದೇ ತಿಂಗಳಲ್ಲಿ ಇನ್ನೊಂದು ತೆಗೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನಮಗೆ ಕಳಿಸಿ. ಯಾವ ಬೆಟ್ಟ, ಯಾವ ವರ್ಷ ಅಂತ ಬರೀರಿ.