ಮೋರಿಯ ಬಾಯಿಯನ್ನು ಬಲ್ಲವರು

(ಮಳೆಗಾಲದ ಪೂರ್ವಸಿದ್ಧತಾ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಪಠ್ಯ)



ಮಣ್ಣಿನ ಸವಕಳಿಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಮಣ್ಣನ್ನೇ ಅಭ್ಯಾಸ ಮಾಡಿ ಡಾಕ್ಟರೇಟ್ ಪಡೆದವನು ನಾನು. ಆದರೆ ಇಂದು ಹೇಳಹೊರಟಿರುವ ಪಾಠವನ್ನು ನನಗೆ ಕಲಿಸಿದವರು ನಮ್ಮ ಊರಿನ ಘಟ್ಟದ ರಸ್ತೆಯಲ್ಲಿ ಸುಮಾರು ಮೂವತ್ತು ವರ್ಷ ಹಾರೆ ಹಿಡಿದು ದುಡಿದ ಒಬ್ಬ ಗ್ಯಾಂಗ್‌ಮನ್. ತಮ್ಮ ಹೆಸರು ಹೇಳುವುದು ಬೇಡವೆಂದು ಅವರು ಕೋರಿದ್ದಾರೆ. ಆದ್ದರಿಂದ ಹಿರಿಯರು ಎಂದಷ್ಟೇ ಕರೆಯುತ್ತೇನೆ.

2019ರ ಆಗಸ್ಟ್ ತಿಂಗಳು, ಆಶ್ಲೇಷಾ ಮಳೆ. ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತುಹೋದದ್ದು ನಿಮಗೆಲ್ಲ ನೆನಪಿದೆ. ಅದಕ್ಕೆ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಕೊಡಗು ಇದೇ ಸಂಕಟವನ್ನು ಕಂಡಿತ್ತು. ಹೆದ್ದಾರಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನಮ್ಮ ಊರಿನ ಕಿರಿದಾದ ರಸ್ತೆಯೂ ಅದೇ ವಾರ ಮುಚ್ಚಿಹೋಗಿತ್ತು, ಅದು ಸುದ್ದಿಯಾಗಲಿಲ್ಲ. ಮೂರು ತಿರುವುಗಳಲ್ಲಿ ಧರೆ ಜರಿದು, ಮರಗಳು ಬೇರುಸಹಿತ ಬಂದು ರಸ್ತೆಗೆ ಅಡ್ಡವಾಗಿ ಮಲಗಿದ್ದವು. ವಿದ್ಯುತ್ ಇಲ್ಲ, ದೂರವಾಣಿ ಇಲ್ಲ. ಊರಿನಲ್ಲಿ ತುಂಬು ಗರ್ಭಿಣಿಯೊಬ್ಬರಿದ್ದರು.

ಮಳೆ ಸ್ವಲ್ಪ ಹೊಳವಾದ ಬೆಳಿಗ್ಗೆ ನಾವು ಹತ್ತು ಹದಿನೈದು ಮಂದಿ ಕತ್ತಿ, ಗುದ್ದಲಿ ಹಿಡಿದು ಹೊರಟೆವು. ಹಿರಿಯರು ನಮಗಿಂತ ಮೊದಲೇ ಅಲ್ಲಿದ್ದರು. ಕಂಬಳಿ ಕೊಪ್ಪೆ, ಕೈಯಲ್ಲಿ ಹಾರೆ. ಬೂಟಿಲ್ಲ, ಶಿರಸ್ತ್ರಾಣವಿಲ್ಲ. ನಾವು ಉತ್ಸಾಹದಿಂದ ನೇರವಾಗಿ ಮಣ್ಣಿನ ರಾಶಿಗೆ ಕೈಹಾಕಿದಾಗ ಅವರು ಗದರಿಸಿ ತಡೆದರು. “ಮೊದಲು ಒಬ್ಬ ಮೇಲೆ ನೋಡುತ್ತಾ ನಿಲ್ಲಲಿ. ಅವನು ಕೆಲಸ ಮಾಡಬಾರದು, ಮಾತನಾಡಬಾರದು, ಧರೆಯನ್ನು ಮಾತ್ರ ನೋಡಬೇಕು” ಎಂದರು. ಸಣ್ಣ ಕಲ್ಲುಗಳು ಉದುರತೊಡಗಿದರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿ ಒಸರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತುಹೋದರೆ, ಹಾರೆ ಬಿಸುಟು ಓಡಬೇಕು. ಪುಸ್ತಕದಲ್ಲಿ ನಾನು ಓದಿದ್ದ ಭೂಕುಸಿತದ ಮುನ್ಸೂಚನೆಗಳು ಇವೇ. ಅವರು ಇವುಗಳನ್ನು ಕಲಿತದ್ದು ಒಬ್ಬ ಸಹಕಾರ್ಮಿಕನನ್ನು ಮಣ್ಣಿನಡಿ ಕಳೆದುಕೊಂಡ ಮೇಲೆ.

ಒಂದು ಘನ ಮೀಟರ್ ಒದ್ದೆ ಮಣ್ಣು ಸುಮಾರು 1,800 ಕಿಲೋ ತೂಗುತ್ತದೆ. 25 ಕಿಲೋ ಹಿಡಿಯುವ ಬುಟ್ಟಿಯಲ್ಲಿ ಹೊತ್ತರೆ 72 ಬುಟ್ಟಿ. ನಮ್ಮೆದುರು ಅಂಥ ನೂರಾರು ಘನ ಮೀಟರ್ ಬಿದ್ದಿತ್ತು. ನಮ್ಮ ಕೈಯಿಂದ ರಸ್ತೆ ತೆರೆಯುವುದು ಅಸಾಧ್ಯವೆಂದು ಹಿರಿಯರಿಗೆ ಗೊತ್ತಿತ್ತು. ಅವರು ಹುಡುಕುತ್ತಿದ್ದುದು ಮೋರಿಯ ಬಾಯಿಯನ್ನು. ಎಲ್ಲವೂ ಕೆಸರಿನಡಿ ಹುದುಗಿ ರಸ್ತೆ ಯಾವುದು, ಚರಂಡಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅವರು ತಿರುವಿನ ನೇರಳೆ ಮರದಿಂದ ಹೆಜ್ಜೆ ಎಣಿಸುತ್ತಾ ಬಂದು, ಒಂದೆಡೆ ನಿಂತು ಹಾರೆ ಊರಿದರು. ಒಂದು ತಾಸು ಅಲ್ಲಿಯೇ ಅಗೆದೆವು. ಕೊಂಬೆ, ಕಲ್ಲು, ಅಡಕೆ ಸಿಪ್ಪೆ, ಪ್ಲಾಸ್ಟಿಕ್ ಚೀಲ ಎಲ್ಲವೂ ಬಂದ ಮೇಲೆ ನೀರು ಒಮ್ಮೆ ಗುಟುಕರಿಸಿ ಮೋರಿಯೊಳಕ್ಕೆ ಇಳಿಯಿತು. ರಸ್ತೆಯ ಮೇಲೆ ಮೊಣಕಾಲುದ್ದ ನಿಂತಿದ್ದ ನೀರು ನೋಡನೋಡುತ್ತಿದ್ದಂತೆ ತಗ್ಗಿತು.

ಇದರ ಮಹತ್ವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಹೆಕ್ಟೇರ್ ಇಳಿಜಾರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ನಮ್ಮಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬೀಳುವುದು ಅಪರೂಪವಲ್ಲ. ಘಟ್ಟದ ಅನೇಕ ಕಡೆ ಮೇಲಿನ ಜಂಬಿಟ್ಟಿಗೆಯ ಕೆಳಗೆ ನುಣುಪಾದ ಬಿಳಿಯ ಅಥವಾ ನಸುಗೆಂಪಿನ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಅದು ಗೋಡೆಯಂತೆ ನಿಲ್ಲುತ್ತದೆ; ನೀರು ತುಂಬಿದಾಗ ಅಂಬಲಿಯಂತೆ ಹರಿಯುತ್ತದೆ. ಕಣಗಳ ನಡುವೆ ಸೇರಿದ ನೀರಿನ ಒತ್ತಡ ಹೆಚ್ಚಿದಂತೆ ಮಣ್ಣಿನ ಹಿಡಿತ ಸಡಿಲುತ್ತದೆ. ರಸ್ತೆಗಾಗಿ ಗುಡ್ಡದ ಬುಡವನ್ನು ಲಂಬವಾಗಿ ಕಡಿದು, ಚರಂಡಿಯನ್ನೂ ಮುಚ್ಚಿಬಿಟ್ಟರೆ ಆ ಒತ್ತಡಕ್ಕೆ ಹೊರಹೋಗುವ ದಾರಿ ಎಲ್ಲಿದೆ?

ಮೂರನೆಯ ದಿನ ಯಂತ್ರ ಬಂದಿತು. ಅರ್ಧ ದಿನದಲ್ಲಿ ರಸ್ತೆ ತೆರೆಯಿತು. ಗರ್ಭಿಣಿಯನ್ನು ಜೀಪಿನಲ್ಲಿ ಕರೆದೊಯ್ದರು. ತಾಯಿ ಮಗು ಕ್ಷೇಮವಾಗಿದ್ದಾರೆ. ಆದ್ದರಿಂದ ಯಂತ್ರವನ್ನು ನಾನು ನಿಂದಿಸಲಾರೆ. ಆದರೆ ಯಂತ್ರ ಮಾಡಿದ್ದೇನು? ಬಿದ್ದ ಮಣ್ಣನ್ನೆಲ್ಲ ರಸ್ತೆಯ ಕೆಳಬದಿಯ ಕಣಿವೆಗೆ ನೂಕಿತು. ನಾವು ತೆರೆದ ಮೋರಿಯ ಆಚೆ ಬಾಯಿ ಅದರಡಿ ಹೂತುಹೋಯಿತು. “ಸ್ವಾಮೀ, ಅಲ್ಲಿ ಮೋರಿ ಇದೆ” ಎಂದು ಹಿರಿಯರು ಎರಡು ಬಾರಿ ಕೂಗಿದರು. ಮೇಲಿನವರಿಂದ ಬಂದ ಆದೇಶ ರಸ್ತೆ ತೆರೆಯುವುದಷ್ಟೇ ಆಗಿತ್ತು. ಮಘಾ ಮಳೆಯಲ್ಲಿ ಆ ರಾಶಿಯೆಲ್ಲ ಹಳ್ಳಕ್ಕಿಳಿದು ಕೆಳಗಿನ ಗದ್ದೆಗಳ ನಾಟಿಯ ಮೇಲೆ ಹರಡಿತು.

ಇಲ್ಲಿ ನನ್ನ ಶಾಸ್ತ್ರದ ಮಾತು ಬರುತ್ತದೆ. ಒಂದು ಹೆಕ್ಟೇರ್ ಗದ್ದೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ. ತಲೆಮಾರುಗಳ ಗೊಬ್ಬರ, ಸೊಪ್ಪು, ಸೂಕ್ಷ್ಮಜೀವಿಗಳೆಲ್ಲ ಇರುವುದು ಅದರಲ್ಲಿ. ಗುಡ್ಡದ ಆಳದಿಂದ ಬಂದ ಮಣ್ಣಿನಲ್ಲಿ ಸಾವಯವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ಗದ್ದೆಯ ಮೇಲೆ ಗೇಣುದ್ದ ಕುಳಿತರೆ ರೈತನು ಮತ್ತೆ ಮೊದಲಿನಿಂದ ಮಣ್ಣು ಕಟ್ಟಬೇಕು. ರಸ್ತೆ ಅರ್ಧ ದಿನದಲ್ಲಿ ಸ್ವಚ್ಛವಾಯಿತು. ಆ ಮೂರು ಕುಟುಂಬಗಳ ಗದ್ದೆಗಳಲ್ಲಿ ಒಂದು ಇಂದಿಗೂ ಪಾಳು ಬಿದ್ದಿದೆ.

ಹಿಂದೆ ಆ ರಸ್ತೆಗೆ ಐದು ಮಂದಿಯ ಗ್ಯಾಂಗ್ ಇತ್ತಂತೆ. ಮಳೆಗೆ ಮುನ್ನ ಚರಂಡಿ ಬಿಡಿಸುವುದು, ಮಳೆಯಲ್ಲಿ ದಿನಕ್ಕೊಮ್ಮೆ ಮೋರಿ ನೋಡುವುದು ಅವರ ಕೆಲಸ. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಗೆ ಉಳಿದವರು ಈ ಹಿರಿಯರೊಬ್ಬರೇ. ಈಗ ಅವರೂ ನಿವೃತ್ತರು. ಯಾವ ಮೋರಿ ಎಲ್ಲಿದೆ ಎಂಬ ಜ್ಞಾನ ಅವರೊಡನೆ ಮನೆಗೆ ಹೋಗಿದೆ.

ಬಂಧುಗಳೇ, ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅಂದು ಮೋರಿಯಿಂದ ಹೊರಬಂದ ಅಡಕೆ ಸಿಪ್ಪೆ ಯಾರದು? ಮನೆಯಂಗಳಕ್ಕೆ ಜೀಪು ಇಳಿಸಲು ಕೊಳವೆಯನ್ನೂ ಇಡದೆ ಚರಂಡಿಗೆ ಮಣ್ಣು ತುಂಬಿದವರು ಯಾರು? ಹತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ ನಾನು, ಧರೆಯಲ್ಲಿ ಮಣ್ಣಿನ ಪದರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದವನು, ಒಮ್ಮೆಯೂ ಬಗ್ಗಿ ಚರಂಡಿಯನ್ನು ನೋಡಿರಲಿಲ್ಲ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ನನ್ನ ಸೂಚನೆಗಳು ಸರಳವಾದವು. ಕುಸಿದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಗ್ರಾಮಸಭೆಯಲ್ಲಿ ಮಳೆಗೆ ಮೊದಲೇ ತೀರ್ಮಾನಿಸಿ, ಲಿಖಿತವಾಗಿ ಕೊಡೋಣ. ಹಳ್ಳದ ದಂಡೆಯಂತೂ ಬೇಡ. ಪ್ರತಿ ಘಟ್ಟದ ರಸ್ತೆಗೂ ಸ್ಥಳೀಯರ ಗ್ಯಾಂಗ್ ಮತ್ತೆ ಬರಲಿ. ಅವರಿಗೆ ಬೂಟು, ಶಿರಸ್ತ್ರಾಣ, ವಿಮೆ ಸಿಗಲಿ ಎಂದು ಒತ್ತಾಯಿಸೋಣ. ಸಣ್ಣ ಧರೆಗಳ ಮೇಲೆ ಲಾವಂಚ ನೆಡೋಣ. ಆದರೆ ಬೇರು ಹಿಡಿಯುವುದು ಮೇಲಿನ ಮಣ್ಣನ್ನು ಮಾತ್ರ, ಲಂಬವಾಗಿ ಕಡಿದ ಗುಡ್ಡವನ್ನಲ್ಲ ಎಂಬುದು ನೆನಪಿರಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬರುವ ಭಾನುವಾರ ಹಿರಿಯರು ನಮ್ಮೊಡನೆ ರಸ್ತೆಯುದ್ದಕ್ಕೂ ನಡೆಯಲು ಒಪ್ಪಿದ್ದಾರೆ. ನೋಟ್‌ಪುಸ್ತಕ, ಅಳತೆ ಪಟ್ಟಿ, ಸುಣ್ಣದ ಡಬ್ಬಿ ತನ್ನಿ. ಅವರು ತೋರಿಸಿದ ಪ್ರತಿ ಮೋರಿಯ ಎರಡೂ ಬಾಯಿಗೆ ಗುರುತಿನ ಕಲ್ಲು ನೆಟ್ಟು ಸುಣ್ಣ ಬಳಿಯೋಣ, ನಕ್ಷೆ ಬರೆಯೋಣ. ದೊಡ್ಡವರು ಗುದ್ದಲಿ ತರಲಿ. ರೋಹಿಣಿ ಮಳೆ ಹುಯ್ಯುವುದರೊಳಗೆ ಈ ಕೆಲಸ ಮುಗಿಯಬೇಕು.