ಎಕ್ಸ್‌ಪೀರಿಯನ್ಸ್ ಕೊಡೋರು ಯಾರು ಸ್ವಾಮಿ?

"ಡ್ರೈವರ್ ಬೇಕಾಗಿದ್ದಾರೆ." ಕಾಮಾಕ್ಷಿಪಾಳ್ಯದಿಂದ ಕೆಂಗೇರಿ ಆಚೆಯ ಕುಂಬಳಗೋಡಿನವರೆಗೆ ಗೋಡೌನ್ ಬಾಗಿಲುಗಳಲ್ಲಿ ಈ ಬೋರ್ಡು ನೀವೂ ನೋಡಿರ್ತೀರಿ. ಒಳಗೆ ಹೋದ್ರೆ ಮೊದಲ ಪ್ರಶ್ನೆ, "ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್?" ಹೊಸಬ ಅಂದ್ರೆ, "ಆಮೇಲೆ ಬಾರಪ್ಪ." ಎಲ್ರೂ ಹೀಗೇ ಅಂದ್ರೆ ಆ ಹುಡುಗನಿಗೆ ಎಕ್ಸ್‌ಪೀರಿಯನ್ಸ್ ಬರೋದಾದ್ರೂ ಎಲ್ಲಿಂದ?

ವಿಜಯನಗರ, ಬಸವೇಶ್ವರನಗರದ ಈ ಹುಡುಗರು ಬಾಂಬೆ ಲೈನ್ ಕೇಳ್ತಿಲ್ಲ. ರಾತ್ರಿ ಮನೆಗೆ ಬಂದು ಉಣ್ಣೋ ಲೋಕಲ್ ಕೆಲಸ ಕೇಳ್ತಿದ್ದಾರೆ.

ಕಾನೂನು ಅವರ ಪರವಾಗೇ ಇದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿತು: ಎಲ್‌ಎಂವಿ ಲೈಸೆನ್ಸ್ ಇದ್ದವರು, ಲೋಡೂ ಸೇರಿ 7,500 ಕೆ.ಜಿ. ಮೀರದ ಸರಕು ವಾಹನ ಓಡಿಸಬಹುದು. ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ಅನುಮತಿ ಬೇಡ. ಟಾಟಾ ಏಸ್, ಬೊಲೆರೊ ಪಿಕಪ್ ಈ ಲೆಕ್ಕದೊಳಗೇ ಬರುತ್ತವೆ. ಅಪಾಯಕಾರಿ ಸರಕಿಗೆ ಮಾತ್ರ ನಿಯಮ ಬೇರೆ. ಆರ್‌ಸಿಯಲ್ಲಿ ತೂಕ ನೋಡಿ, ಇನ್ಶೂರೆನ್ಸ್ ನೋಡಿ, ಎಫ್‌ಸಿ ನೋಡಿ, ಆಮೇಲೆ ಸ್ಟೇರಿಂಗ್ ಮುಟ್ಟಿ.

ಅದಕ್ಕಿಂತ ದೊಡ್ಡ ಗಾಡಿಗೆ 20 ವರ್ಷ ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಸಿಕ್ಕು ಒಂದು ವರ್ಷ ಆಗಿರಬೇಕು. ಅಂದ್ರೆ ಮೆಟ್ಟಿಲು ಇದೆ. ಮೊದಲ ಮೆಟ್ಟಿಲಲ್ಲೇ ಬಾಗಿಲು ಹಾಕಿದ್ರೆ ನಾಳೆ ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲಿ ಲಾರಿ ನಿಂತಿರುತ್ತೆ, ಓಡಿಸೋರು ಇರಲ್ಲ.

ಓನರ್‌ಗಳ ಭಯ ನನಗೆ ಅರ್ಥವಾಗುತ್ತೆ. ಗಾಡಿ ಸಾಲದ್ದು, ಕಂತು ತಿಂಗಳಿಗೆ ಸರಿಯಾಗಿ ಬರುತ್ತೆ, ಮಾಗಡಿ ರೋಡ್ ಟ್ರಾಫಿಕ್‌ನಲ್ಲಿ ಒಂದು ತಪ್ಪಾದ್ರೆ ಪ್ರಾಣವೇ ಹೋಗಬಹುದು. ಹಾಗಂತ ಕಲಿಯೋಕೇ ಬಿಡದಿದ್ರೆ ಹೇಗೆ? ಹಳಬನ ಪಕ್ಕ ಹದಿನೈದು ದಿನ ಕೂರಿಸಿ. ಸಂಬಳ ಕೊಟ್ಟು ಕೂರಿಸಿ. ರಿವರ್ಸ್, ಲೋಡು ಕಟ್ಟೋದು, ಬಿಲ್ಲು ನೋಡೋದು ಕಲಿಸಿ.

ಇನ್ನು ಹಳಬರ ಪಾಡು? ಹತ್ತು ವರ್ಷ ಓಡಿಸಿದವನ ಕೈಯಲ್ಲೂ ಒಂದು ಚೀಟಿ ಇರಲ್ಲ. ಹಿಂದಿನ ಓನರ್ ಫೋನ್ ಎತ್ತದಿದ್ರೆ ಅವನೂ ಹೊಸಬನೇ! ಸಂಬಳದ ಮಾತಿನಲ್ಲಿ ಆ ಹತ್ತು ವರ್ಷ ಸೊನ್ನೆ.

ಹಾಗಾಗಿ ಡ್ರೈವರ್ ಅಣ್ಣಂದಿರೇ, ಕೆಲಸ ಬಿಡೋ ದಿನ ಸಂಬಳದ ಜೊತೆ ಒಂದು ಪತ್ರ ಕೇಳಿ: ಯಾವ ಗಾಡಿ, ಎಷ್ಟು ವರ್ಷ, ಅಪಘಾತ ಇತ್ತೋ ಇಲ್ಲವೋ. ಓನರ್‌ಗಳೇ, ನಾಲ್ಕು ಸಾಲು ಬರೆದುಕೊಡೋಕೆ ಡೀಸೆಲ್ ಖರ್ಚಾಗಲ್ಲ. ಬೇರೆಯವರ ಹತ್ರ ಎಕ್ಸ್‌ಪೀರಿಯನ್ಸ್ ಕೇಳೋ ಮೊದಲು, ನಿಮ್ಮಲ್ಲಿ ದುಡಿದವನ ಎಕ್ಸ್‌ಪೀರಿಯನ್ಸ್‌ಗೆ ಒಂದು ಸಹಿ ಹಾಕಿ.